ಸತ್ತವರಿಗೆ ಎಡೆ

ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಕಾರ್ಡ್ ಆಟದ ಪಂದ್ಯವಿತ್ತು. ದಾಂಡೇಲಿಯಿಂದ ಹೊರಟ ಬಸ್ಸಿನಲ್ಲಿ ಕೂತು, ಗೋರಿಯಿಂದೆದ್ದು ಕಾದಾಡುವ ಸತ್ತವರ ಕಾರ್ಡುಗಳನ್ನು ತೊಡೆಯ ಮೇಲೆ ಜೋಡಿಸುತ್ತಿದ್ದೆ. ಕಟ್ಟಿನಲ್ಲಿ ಒಟ್ಟು ಅರವತ್ತೇ ಕಾರ್ಡು ಇರಬೇಕು; ಯಾರನ್ನು ಬಿಡಲಿ ಎಂದು ಮತ್ತೆ ಮತ್ತೆ ಎಣಿಸಿದೆ. ಕಡೆಗೆ, ಅವರನ್ನು ಎಬ್ಬಿಸಲು ಬೇಕಾದ ಶಕ್ತಿ ಕಾರ್ಡುಗಳಲ್ಲೇ ಆರನ್ನು ತೆಗೆದೆ.

ಪಕ್ಕದಲ್ಲಿದ್ದ ಸಿದ್ದಿ ಅಜ್ಜಿ ಬಗ್ಗಿ ನೋಡಿದರು. "ಯಾರಪಾ ಇವರು?"

"ಸತ್ತವರು ಅಜ್ಜಿ. ಆಟದಾಗ ಕರದ್ರ ಎದ್ದು ಬರ್ತಾರ."

"ಇಷ್ಟ ಮಂದೀನ ಕರಿಯಾಕ ಹತ್ತೀಯಲ್ಲ, ಎಡಿ ಏನ ಇಟ್ಟೀ? ನಾವು ಹಿರೇರನ್ನ ಕರದ್ರ ಮೊದಲ ಅನ್ನ ಇಡತೇವಿ. ಹಸದ ಬಂದವರು ಸುಮ್ಮನ ಹೋಗೂದಿಲ್ಲ."

ಇವರ ಅನ್ನವನ್ನೇ ನಾನು ತೆಗೆದುಹಾಕಿದ್ದೆ. ಹಳಿಯಾಳ ಬರುವಷ್ಟರಲ್ಲಿ ಆರು ಸತ್ತವರನ್ನು ಕೈಬಿಟ್ಟು, ತೆಗೆದಿದ್ದ ಶಕ್ತಿ ಕಾರ್ಡುಗಳನ್ನು ವಾಪಸ್ ಸೇರಿಸಿದೆ.

ಮೊದಲ ಸುತ್ತಿನಲ್ಲೇ ಸೋತೆ. ಆದರೆ ನನ್ನ ಸ್ಮಶಾನದಲ್ಲಿ ಯಾರೂ ಉಪವಾಸ ಮಲಗಲಿಲ್ಲ.