ಹಪ್ಪಳದ ಪಕ್ಕದಲ್ಲಿ ನಾನು

ರೋಣದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡ ನಾನು ಇಡೀ ದಿನ ಗಾದಿ ಬಿಟ್ಟು ಏಳುವವನಲ್ಲ. ಹೋದ ಬೇಸಿಗೆಯಲ್ಲಿ ಮೈಕೈ ನೋವೆಂದು ರಕ್ತ ಪರೀಕ್ಷೆ ಮಾಡಿಸಿದರೆ ವಿಟಮಿನ್ ಡಿ ಕಡಿಮೆ ಬಂತು. ಕೊಲೆಸ್ಟ್ರಾಲ್ ಸರಿಯಾಗಿಯೇ ಇತ್ತು. ಆದರೂ, “ಆ ಹೊಲಸು ಮೈಯಾಗ ಇರೂದ ಬ್ಯಾಡ್ರಿ, ತುಪ್ಪಾನ ಬಿಟ್ಟಬಿಡ್ತೇನಿ” ಎಂದೆ. ಡಾಕ್ಟರು ನಕ್ಕರು.

“ಹಂಗನ್ನಬ್ಯಾಡ್ರಿ. ಅದಿಲ್ಲದ ಎಷ್ಟೋ ಹಾರ್ಮೋನು ಹುಟ್ಟೂದಿಲ್ಲ. ಅದರ ಬಳಗದ್ದ ಒಂದು ಪದಾರ್ಥ ಚರ್ಮದಾಗ ಇರ್ತೈತಿ. ಅದಕ್ಕ ಬಿಸಿಲು ತಾಗಿದ್ರ ವಿಟಮಿನ್ ಡಿ ತಯಾರಾಗ್ತೈತಿ. ಗುಳಿಗಿ ತಗೋರಿ, ದಿನಾ ಸ್ವಲ್ಪ ಹೊತ್ತು ಬಿಸಿಲಿಗೂ ಕೂಡ್ರಿ.”

ಮರುದಿನ ಮಾಳಿಗೆ ಹತ್ತಿದೆ. ಹೆಂಡತಿ ಹಪ್ಪಳ ಒಣಹಾಕುತ್ತಿದ್ದಳು. ಪಕ್ಕದಲ್ಲೇ ಕುರ್ಚಿ ಹಾಕಿ ಕೂತೆ. ಮೈಮೇಲೆ ತುಂಬುತೋಳಿನ ಅಂಗಿ, ತಲೆಗೆ ಟೊಪ್ಪಿಗೆ, ಕೈಯಲ್ಲಿ ಛತ್ರಿ. ಬಿಸಿಲೆಂದರೆ ಛತ್ರಿ ಬಿಚ್ಚಿಯೇ ಗೊತ್ತು ನನಗೆ.

“ಹಪ್ಪಳಕ್ಕೂ ಒಂದು ಛತ್ರಿ ಹಿಡೀಲೇನ್ರಿ?” ಎಂದು ಅದನ್ನು ಕಸಿದುಕೊಂಡಳು. ಟೊಪ್ಪಿಗೆಯೂ ಅಂಗಿಯೂ ಹೋದವು. ಬಿಸಿಲು ಹೆಗಲಿಗೆ ಹಿತವಾಗಿ ತಾಗಿತು. ಇಂಥ ಪುಕ್ಕಟೆ ಸುಖ ಬಿಟ್ಟು ಇಷ್ಟು ವರ್ಷ ಗಾದಿಯ ಮೇಲೆ ಏನು ಮಾಡುತ್ತಿದ್ದೆನೋ! ಕಣ್ಣು ಮುಚ್ಚಿದೆ.

ಸ್ವಲ್ಪ ಹೊತ್ತಿಗೆ ಹಪ್ಪಳಗಳನ್ನು ಒಂದೊಂದಾಗಿ ತಿರುವಿಹಾಕುತ್ತ ಅವಳು ನನ್ನ ಹತ್ತಿರ ಬಂದಳು.

“ನೀವೂ ಹೊಳ್ಳಿ ಕೂಡ್ರಿ. ಬೆನ್ನು ಇನ್ನೂ ಹಸಿ ಐತಿ.”