ಸರ್ಜಾನ ಬೆನ್ನಿನ ಸುಳಿ

ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಯ ಬಾಗಿಲು ತೆಗೆದ ಮೇಲೆ ಮಲಕಾಜಪ್ಪ ಮಾಡುವ ಮೊದಲ ಕೆಲಸ ಎತ್ತನ್ನು ಹೊರಗೆ ಕಟ್ಟುವುದು. ಎರಡು ಅಡಿ ಎತ್ತರ, ಮೂರು ಅಡಿ ಉದ್ದದ ಎತ್ತು. ಚಿತ್ರದ ಹಿಂದಿನ ಸುತಳಿಯನ್ನು ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಸೊಟ್ಟಗಾಗಿದ್ದರೆ ಸರಿಮಾಡಿ ಒಳಗೆ ಹೋಗುತ್ತಾರೆ. ಬೈಲಹೊಂಗಲದ ಬಸ್ ನಿಲ್ದಾಣದಿಂದ ಪೇಟೆಯ ಕಡೆಗೆ ನಡೆಯುವವರಲ್ಲಿ ಅದರ ಮುಂದೆ ನಿಲ್ಲದೆ ಹೋಗುವವರು ಕಡಿಮೆ. ಬಿಳಿ ಕಿಲಾರಿ ಎತ್ತಿನ ಮೈಮೇಲಿನ ಒಂದೊಂದು ಕೂದಲೂ ಬೇರೆಬೇರೆಯಾಗಿ ಕಾಣುತ್ತದೆ. ಪಕ್ಕದ ಚಹದಂಗಡಿಯ ಮಡಿವಾಳೆಪ್ಪ ಮಾತ್ರ ಕೂದಲು ನೋಡುವುದನ್ನು ಬಿಟ್ಟು ಬಹಳ ದಿನವಾಯಿತು.

"ಮೇವು ಹಾಕಿದ್ರ್ಯೋ ಇಲ್ಲೋ?" ಎಂದು ಅಲ್ಲಿಂದಲೇ ಕೂಗುತ್ತಾರೆ.

"ಎಲ್ಲಿ ಹಾಕೂದ್ರಿ? ಇದಕ್ಕ ಹೊಟ್ಟಿ ಎಲ್ಲೈತಿ? ಬರೇ ಚರ್ಮ," ಎನ್ನುತ್ತಾರೆ ಮಲಕಾಜಪ್ಪ.

ಅವರಿಗೆ ಈಗ ನಲವತ್ತಾರು. ಹುಟ್ಟೂರು ಸಂಗೊಳ್ಳಿ. ಪೇಂಟರ್ ಆಗಿ ಇಪ್ಪತ್ತೆರಡು ವರ್ಷ ಕಳೆದಿದೆ. ಅಂಗಡಿಯ ಫಲಕದಲ್ಲಿ 'ಶ್ರೀ ಮಲಕಾಜ ಆರ್ಟ್ಸ್' ಎಂದಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಜೀವ ತುಂಬಿದ ಭಾವಚಿತ್ರಗಳು'. ಗತಿಸಿದ ಹಿರಿಯರ ಚಿತ್ರ ಬರೆಯುವುದು ಅವರ ಮುಖ್ಯ ಕಸುಬು. ಮನೆಯವರು ಸಣ್ಣದೊಂದು ಫೋಟೋ ತರುತ್ತಾರೆ. ಅದರ ಮೇಲೆ ಸ್ಕೇಲು ಹಿಡಿದು ಸಣ್ಣ ಚೌಕಗಳನ್ನು ಹಾಕುವುದು, ದೊಡ್ಡ ಹಾಳೆಯ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕಗಳನ್ನು ಹಾಕುವುದು, ಆಮೇಲೆ ಈ ಚೌಕದೊಳಗಿನ ಗೆರೆಯನ್ನು ಆ ಚೌಕಕ್ಕೆ ದಾಟಿಸುವುದು. ಇದು ಅರ್ಧ ದಿನದ ಕೆಲಸ. ಉಳಿದ ಎಂಟು ದಿನ ಶೇಡಿಂಗ್. ಕರಿ ಪುಡಿ, ಅರಳೆಯ ಉಂಡೆ, ಸೊನ್ನೆ ನಂಬರಿನ ಬ್ರಷ್. ರುಮಾಲಿನ ಮಡಿಕೆ, ಇಳಕಲ್ ಸೀರೆಯ ಸೆರಗು, ಮುದುಕರ ಗಲ್ಲದ ಸುಕ್ಕು ಇವೆಲ್ಲ ಅವರ ಕೈಯಲ್ಲಿ ಮುಟ್ಟಿ ನೋಡಬೇಕೆನ್ನುವಂತೆ ಬರುತ್ತವೆ. ಕಿತ್ತೂರಿನಿಂದ ರಾಮದುರ್ಗದವರೆಗೆ ಎಷ್ಟೋ ಪಡಸಾಲೆಗಳಲ್ಲಿ ಅವರು ಬರೆದ ಅಜ್ಜಂದಿರು ತೂಗಾಡುತ್ತಿದ್ದಾರೆ.

"ಗೆರಿ ಎಲ್ಲಾ ಕ್ಯಾಮೆರಾದಾಂವಂದು. ನಂದು ಬರೇ ಮಸಿ," ಎಂದು ಈಗ ಅವರೇ ಹೇಳುತ್ತಾರೆ. "ಇಪ್ಪತ್ತೆರಡು ವರ್ಷ ಇದನ್ನ ಯಾರ ಮುಂದೂ ಬಾಯಿ ಬಿಟ್ಟಿದ್ದಿಲ್ಲ. ಈಗ ಎತ್ತ ಬಂದು ಬೀದ್ಯಾಗ ನಿಂತೈತಿ. ಇನ್ನೇನ್ ಮುಚ್ಚಿಡೂದ್ರಿ?"

ಮುಚ್ಚಿಟ್ಟಿದ್ದರೂ ಒಬ್ಬರಿಗೆ ಗೊತ್ತಿತ್ತು. ಅವರ ಹೆಂಡತಿ ರಾಜೇಶ್ವರಿಗೆ. ಮದುವೆಯ ಮಾತು ನಡೆದಾಗ ಮಲಕಾಜಪ್ಪ ಭಾವೀ ಹೆಂಡತಿಯ ಚಿತ್ರವನ್ನು ನೆನಪಿನಿಂದ ಬರೆದು ಬೀಗರ ಮನೆಗೆ ಕಳಿಸಿದ್ದರು. ಅದು ಈಗಲೂ ಟ್ರಂಕಿನಲ್ಲಿದೆ. "ಸೀರಿ ಅಂಚು ನಂದ. ಅದರಾಗ ಎರಡು ಮಾತಿಲ್ಲ," ಎನ್ನುತ್ತಾರೆ ರಾಜೇಶ್ವರಿ. "ಮಾರಿ ನಮ್ಮ ಕಾಕೀದು."

ಹೂಲಿಯ ಶಟ್ಟೆಪ್ಪ ಅಂಗಡಿಗೆ ಬಂದದ್ದು ಈ ವರ್ಷ, 1998ರ ಮೇ ತಿಂಗಳಲ್ಲಿ. ಅವರ ಜೋಡೆತ್ತಿನಲ್ಲಿ ಬಲಗಡೆಯದು, ಸರ್ಜಾ, ಯುಗಾದಿಯ ಮರುವಾರ ಸತ್ತಿತ್ತು. ಹದಿನಾಲ್ಕು ವರ್ಷ ದುಡಿದ ಎತ್ತು. ಕಾರಹುಣ್ಣಿಮೆಯ ದಿನ ಎತ್ತುಗಳಿಗೆ ಬಣ್ಣ ಹಚ್ಚಿ ಪೂಜೆ ಮಾಡುವಾಗ ಉಳಿದ ಒಂದೇ ಎತ್ತಿನ ಪಕ್ಕ ಜಾಗ ಖಾಲಿ ಬಿಡುವುದು ಹೇಗೆ ಎಂದು ಅವರ ಹೆಂಡತಿ ಇಂದ್ರವ್ವ ಊಟ ಸರಿಯಾಗಿ ಮಾಡುತ್ತಿರಲಿಲ್ಲ. ಅಲ್ಲಿ ಸರ್ಜಾನ ಚಿತ್ರವಾದರೂ ಇರಬೇಕು ಎಂಬುದು ಶಟ್ಟೆಪ್ಪನವರ ಬೇಡಿಕೆ.

"ಫೋಟೋ ಕೊಡ್ರಿ," ಎಂದರು ಮಲಕಾಜಪ್ಪ.

ಶಟ್ಟೆಪ್ಪ ಮಗಳು ಭಾಗೀರಥಿಯ ಮದುವೆಯ ಫೋಟೋ ತೆಗೆದು ಕೊಟ್ಟರು. ಮದುಮಗಳ ಹಿಂದೆ, ಬೀಗರೊಬ್ಬರ ಟೋಪಿಯ ಮೇಲೆ, ಒಂದು ಕೋಡು ಮತ್ತು ಅರ್ಧ ಕಿವಿ ಕಾಣುತ್ತಿದ್ದವು.

"ಇದ ನಮ್ಮ ಸರ್ಜಾ. ಉಳಿದದ್ದು ನೀವು ತುಂಬ್ರಿ. ನೋಡಿದ ಕೂಡಲೆ ಇಂದ್ರವ್ವಗ ಸರ್ಜಾ ಅನಿಸಬೇಕು, ಅಷ್ಟ."

ಒಂದು ಕೋಡಿನ ಮೇಲೆ ಎಷ್ಟು ಚೌಕ ಹಾಕಿದರೂ ಎತ್ತು ಹುಟ್ಟುವುದಿಲ್ಲ ಎಂಬುದು ಮಲಕಾಜಪ್ಪನವರಿಗೆ ಆ ಕ್ಷಣವೇ ಹೊಳೆಯಿತು. ಆದರೆ ಶಟ್ಟೆಪ್ಪನವರ ಕಣ್ಣು ಫಲಕದ ಮೇಲಿನ 'ಜೀವ ತುಂಬಿದ' ಎಂಬ ಅಕ್ಷರಗಳ ಮೇಲಿತ್ತು. "ಆಗಲಿ ಬಿಡ್ರಿ," ಎಂದುಬಿಟ್ಟರು.

ಇಪ್ಪತ್ತೈದು ದಿನ ಬರೆದರು. ಎತ್ತಿನ ಆಕಾರವನ್ನು ಹಳೆಯ ಕ್ಯಾಲೆಂಡರಿನ ಒಂದು ಆಕಳಿನಿಂದ ತೆಗೆದುಕೊಂಡರು. ಕೆಚ್ಚಲು ಅಳಿಸಿದರು, ಹೆಗಲ ಮೇಲಿನ ಉಬ್ಬನ್ನು, ಹಿಣಿಲನ್ನು, ಏರಿಸಿದರು. ಈ ಸಂಗತಿ ಅವರೇ ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ಚಹಾ ಕುಡಿಯಲು ಬಂದವರಿಗೂ ಹೇಳುತ್ತಾರೆ. ಆಕಾರ ಮುಗಿದದ್ದು ಒಂದು ಮಧ್ಯಾಹ್ನದಲ್ಲಿ. ಉಳಿದ ಇಪ್ಪತ್ತನಾಲ್ಕು ದಿನ ಕೂದಲು.

ಕಾರಹುಣ್ಣಿಮೆಯ ಹಿಂದಿನ ದಿನ ಎತ್ತನ್ನು ಹಳೆ ದಟ್ಟಿಯಲ್ಲಿ ಸುತ್ತಿಕೊಂಡು ಸವದತ್ತಿಯಲ್ಲಿ ಬಸ್ಸು ಬದಲಿಸಿ ಹೂಲಿಗೆ ಹೋದರು. ಶಟ್ಟೆಪ್ಪನವರ ಕಟ್ಟೆಯ ಮೇಲೆ ಚಿತ್ರವನ್ನು ಗೋಡೆಗೆ ಆನಿಸಿ ದಟ್ಟಿ ಸರಿಸಿದಾಗ ಹತ್ತು ಹನ್ನೆರಡು ಜನ ಸೇರಿದ್ದರು. ಒಬ್ಬರು ಬಾಯಿ ತೆರೆದು "ಅಬಾಬಾ!" ಎಂದರು. ಇನ್ನೊಬ್ಬರು ಕೈ ಚಾಚಿ ಬೆನ್ನು ಸವರಿದರು. ಬೆರಳಿಗೆ ಮಸಿ ಹತ್ತಿತು.

ಆಮೇಲೆ ಅವರು ಎತ್ತು ನೋಡತೊಡಗಿದರು. ಮಲಕಾಜಪ್ಪ ಬದುಕಿನಲ್ಲಿ ಕಂಡ ಗಿರಾಕಿಗಳೆಲ್ಲ ಚಿತ್ರ ನೋಡುವವರು. ಇವರು ದನದ ಸಂತೆಯಲ್ಲಿ ನಿಂತವರಂತೆ ಗೊರಸಿನಿಂದ ಶುರುಮಾಡಿದರು.

"ಮುಂಗಾಲು ಎರಡೂ ಒಂದ ಕಡೆ ಅದಾವಲ್ರಿ. ಹೆಂಗ್ ನಿಂತೈತಿ ಇದು?"

"ನಿಂತಿಲ್ಲೋ ಮಾರಾಯ. ಗ್ವಾಡಿಗೆ ಆತುಕೊಂಡೈತಿ."

ಎಲ್ಲರಿಗಿಂತ ಹಿರಿಯರು ನಿಜಗುಣಪ್ಪ. ಅವರು ಚಿತ್ರದ ಹತ್ತಿರ ಬಂದು, ಬಾಗಿ, ಬೆನ್ನಿನ ಮೇಲೆ ಬೆರಳಿಟ್ಟರು.

"ಶಟ್ಟೆಪ್ಪಾ, ಸುಳಿ ನೋಡಿದೇನು?"

ದನದ ಮೈಯಲ್ಲಿ ಕೂದಲು ಸುತ್ತಿಕೊಂಡಿರುವ ಜಾಗವೇ ಸುಳಿ. ಎತ್ತು ಕೊಳ್ಳುವವರು ಹಲ್ಲು ಎಣಿಸುವ ಮೊದಲು ಅದನ್ನು ನೋಡುತ್ತಾರೆ. ಬೆನ್ನಿನ ಸುಳಿ ಸರಿಯಾಗಿ ನಡುವೆ ಇರಬೇಕು. ಒಂದು ಬದಿಗೆ ಸರಿದಿದ್ದರೆ ಯಜಮಾನನ ಮನೆಗೆ ಕೇಡು ಎಂಬ ನಂಬಿಕೆ ಈ ಭಾಗದಲ್ಲಿದೆ. ಚಿತ್ರದ ಎತ್ತಿಗೆ ಹಿಣಿಲಿನ ಹಿಂದೆ, ಎಡಕ್ಕೆ ನಾಲ್ಕು ಬೆರಳು ಸರಿದು, ಅಚ್ಚುಕಟ್ಟಾದ ಒಂದು ಸುಳಿ ಇತ್ತು.

"ಅಲ್ಲಿ ಮೈ ಸಪಾಟ್ ಅನಿಸಿತ್ರಿ," ಎಂದು ಮಲಕಾಜಪ್ಪ ಈಗ ವಿವರಿಸುತ್ತಾರೆ. "ಚಂದ ಕಾಣಲಿ ಅಂತ ಬ್ರಷ್ ಒಂದು ಸುತ್ತು ತಿರುವಿದೆ. ಇಡೀ ಚಿತ್ರದಾಗ ಅದ ಭಾಳ ಚಲೋ ಬಂದ ಜಾಗ. ಅವತ್ತ ನನಗ ನಾನ ಶಾಬಾಸ್ ಅಂದಕೊಂಡು ಎರಡು ಚಹಾ ಕುಡದೇನಿ."

ನಿಜಗುಣಪ್ಪ ನೆಟ್ಟಗಾಗಿ ನಿಂತು ಹೇಳಿದರು: "ತಮ್ಮಾ, ಕೈ ಭಾಳ ಚಲೋ ಐತಿ ನಿಂದು. ಸುಳಿ ಸೈತ ಕಂಡತಂದ್ರ ನೋಡು. ಆದ್ರ ಇಂಥಾ ಎತ್ತ ಪುಕ್ಕಟ ಕೊಟ್ರೂ ನಾ ನನ್ನ ಕೊಟ್ಟಗಿಗೆ ಹೊಡಕೊಂಡು ಹೋಗಂಗಿಲ್ಲ."

ಇಷ್ಟಾದರೂ ಎಲ್ಲರೂ ಇಂದ್ರವ್ವನ ಮುಖ ನೋಡುತ್ತಿದ್ದರು. ಚಿತ್ರ ಆಕೆಗಾಗಿ ಬಂದದ್ದು. ಇಂದ್ರವ್ವ ಬಾಗಿಲ ಚೌಕಟ್ಟಿಗೆ ಕೈಯಿಟ್ಟು ಕೋಡಿನಿಂದ ಬಾಲದವರೆಗೆ ನೋಡಿದರು.

"ಚರ್ಮ ನಮ್ಮದ ಐತ್ರಿ," ಎಂದರು ಕೊನೆಗೆ. "ಒಳಗ ಯಾರದೋ ಎತ್ತ ಹೊಕ್ಕೈತಿ."

ಒಳಗೆ ಹೊಕ್ಕಿದ್ದದ್ದು ಕ್ಯಾಲೆಂಡರಿನ ಆಕಳು ಎಂದು ಹೇಳುವ ಧೈರ್ಯ ಮಲಕಾಜಪ್ಪನವರಿಗೆ ಆಗಲಿಲ್ಲ. ಮರುದಿನ ಹುಣ್ಣಿಮೆಯ ಪೂಜೆ ಒಂಟಿ ಎತ್ತಿಗೇ ನಡೆಯಿತು. ಶಟ್ಟೆಪ್ಪ ಮಾತ್ರ ಬಯ್ಯಲಿಲ್ಲ. ಇನ್ನು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ, ಅಷ್ಟರೊಳಗೆ ತಿದ್ದಿ ತನ್ನಿ ಎಂದರು. "ಆಗೂದಿಲ್ಲಂದ್ರ ಆಗೂದಿಲ್ಲ ಅನ್ರಿ. ಆಕಿಗೆ ನಾ ಬ್ಯಾರೆ ಹೇಳತೇನಿ," ಎಂದೂ ಸೇರಿಸಿದರು. ಆ ಎರಡನೆಯ ಮಾತು ಚುಚ್ಚಿತು. ಮಲಕಾಜಪ್ಪ ಮತ್ತೆ "ಆಗಲಿ ಬಿಡ್ರಿ" ಎಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ ದಟ್ಟಿ ಜಾರಿತು. ಅಕ್ಕಪಕ್ಕದವರು ಎದ್ದು ನಿಂತು ನೋಡಿದರು. "ಎಂಥಾ ಕೈರಿ ನಿಮ್ದು! ಜೀವಂತ ಐತಲ್ರಿ!" ಎಂದು ಒಬ್ಬರು ಸವದತ್ತಿಯ ತನಕ ಹೊಗಳಿದರು. "ನಿಮ್ಮನಿಯಾಗ ಎತ್ತ ಅದಾವೇನ್ರಿ?" ಎಂದು ಮಲಕಾಜಪ್ಪ ಕೇಳಿದರು. ಇಲ್ಲ, ತಮ್ಮದು ಬಟ್ಟೆ ಅಂಗಡಿ ಎಂದರು ಅವರು.

ಮನೆಯಲ್ಲಿ ರಾಜೇಶ್ವರಿ ಎಲ್ಲವನ್ನೂ ಕೇಳಿ, ರೊಟ್ಟಿ ಬಡಿಯುತ್ತ, "ಅವರ ಪುಣ್ಯಾ. ಮಾರಿ ನೋಡಿ ಬ್ಯಾಡ ಅಂದ್ರು. ನಮ್ಮವ್ವ ಸೀರಿ ನೋಡಿ ಒಪ್ಪಿಬಿಟ್ಟಳು," ಎಂದರು.

ಆ ವಾರ ಮಲಕಾಜಪ್ಪ ದನದ ಸಂತೆಗೆ ಹೋಗಿ ನೋಟುಬುಕ್ಕು ಹಿಡಿದು ಕುಳಿತರು. ಫೋಟೋ ಇಲ್ಲದೆ, ಚೌಕವಿಲ್ಲದೆ ಬರೆಯಲು ಕುಳಿತದ್ದು ಹರೆಯ ಕಳೆದ ಮೇಲೆ ಅದೇ ಮೊದಲು. ಕಾಲು ಬರೆಯುವಷ್ಟರಲ್ಲಿ ಎತ್ತು ಕಾಲು ಬದಲಿಸುತ್ತಿತ್ತು. ತಲೆಯ ಹತ್ತಿರ ಬರುವಷ್ಟರಲ್ಲಿ ಮಾರಾಟವಾಗಿ ಹೋಗುತ್ತಿತ್ತು. ಬುಕ್ಕು, ಪೆನ್ಸಿಲ್ಲು, ಕನ್ನಡಕ ನೋಡಿದ ರೈತರೊಬ್ಬರು ಆಕಳನ್ನು ಎಳೆದು ತಂದು, "ಡಾಕ್ಟರ್ ಸಾಹೇಬ್ರ, ಮೂರ್ ದಿನಾತು, ಮೆಲಕ ಹಾಕವಲ್ದು," ಎಂದರು. ಮಲಕಾಜಪ್ಪ ತಾನು ಡಾಕ್ಟರಲ್ಲ, ಚಿತ್ರ ಬರೆಯುವವ ಎಂದರು. ರೈತರು ಬುಕ್ಕಿನ ಹಾಳೆ ಇಣುಕಿ ನೋಡಿ, "ಹಂಗಾದ್ರ ಇದು ಏನ್ರಿ?" ಎಂದು ಕೇಳಿದರು.

"ಫೋಟೋ ಬಾಲ ಅಲ್ಲಾಡಸಂಗಿಲ್ಲ ನೋಡ್ರಿ," ಎನ್ನುತ್ತಾರೆ ಮಲಕಾಜಪ್ಪ. "ಇಪ್ಪತ್ತೆರಡು ವರ್ಷ ನನ್ನನ್ನ ಕಲಾವಿದ ಮಾಡಿದ್ದು ಅದೊಂದ ಗುಣ."

ಅಮಾವಾಸ್ಯೆಯ ಬೆಳಿಗ್ಗೆ ಹೂಲಿಗೆ ಹೋದಾಗ ಅವರ ಚೀಲದಲ್ಲಿ ಚಿತ್ರವಿರಲಿಲ್ಲ. ಖಾಲಿ ಹಾಳೆ, ಪೆನ್ಸಿಲ್ಲು, ರಬ್ಬರು, ಕರಿ ಪುಡಿಯ ಡಬ್ಬಿ ಇದ್ದವು. ಆಗುವುದಿಲ್ಲ ಎಂದು ಹೇಳಿ ಬರಲೆಂದೇ ಹೊರಟಿದ್ದರು. ಸಾಮಾನು ಮಾತ್ರ ಹೊರಡುವಾಗ ಚೀಲ ಸೇರಿತ್ತು.

ಇಂದ್ರವ್ವ ಪಡಸಾಲೆಯಲ್ಲಿ ಪೂಜೆಗಾಗಿ ಮಣ್ಣೆತ್ತು ಮಾಡುತ್ತ ಕುಳಿತಿದ್ದರು. ಕೆರೆಯಿಂದ ತಂದ ಜಿಗುಟು ಮಣ್ಣು. ಒಂದು ಎತ್ತು ಆಗಲೇ ಮಣೆಯ ಮೇಲೆ ನಿಂತಿತ್ತು. ಎರಡನೆಯದಕ್ಕೆ ಮುದ್ದೆ ತೆಗೆದುಕೊಂಡು ನಾಲ್ಕು ಕಾಲು ಎಳೆದರು, ಹೆಬ್ಬೆರಳಿನಿಂದ ಹಿಣಿಲು ಎತ್ತಿದರು, ಕುತ್ತಿಗೆ ಹಿಡಿದು ಸ್ವಲ್ಪ ಎಡಕ್ಕೆ ತಿರುಗಿಸಿದರು. ಕಣ್ಣಿಗೆ ಒತ್ತುವ ಕುಸುಬಿ ಕಾಳು ಇನ್ನೂ ತಾಟಿನಲ್ಲೇ ಇದ್ದವು. ಹೊರಗಿನಿಂದ ಬಂದ ಶಟ್ಟೆಪ್ಪ ಕಾಲು ತೊಳೆಯುವುದನ್ನು ಬಿಟ್ಟು ನಿಂತರು.

"ಏ, ಸರ್ಜಾ!" ಎಂದರು.

ಸರ್ಜಾ ಬಲಗಡೆ ಹೂಡುವ ಎತ್ತು. ನಿಂತಾಗಲೆಲ್ಲ ಎಡಕ್ಕೆ ಕತ್ತು ಹೊರಳಿಸಿ ಜೋಡಿಯನ್ನು ನೋಡುತ್ತಿತ್ತು. ಇದನ್ನು ಯಾರೂ ಮಲಕಾಜಪ್ಪನವರಿಗೆ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ, ಬಣ್ಣ ಯಾವುದು, ಮೈ ಹೊಳಪಿತ್ತೋ ಇಲ್ಲವೋ ಎಂದಷ್ಟೇ ಕೇಳಿದ್ದರು.

"ಯಕ್ಕಾ, ಇದನ್ನ ಹಾಳಿ ಮ್ಯಾಲೆ ಬರದು ತೋರಸ್ರಿ," ಎಂದು ಪೆನ್ಸಿಲ್ಲು ಮುಂದೆ ಹಿಡಿದರು.

"ನಂಗೇನ್ ಬರಿಯಾಕ ಬರತೈತ್ರಿ, ಯಣ್ಣಾ? ಪೇಂಟರ್ ನೀವೋ ನಾನೋ?"

"ಅದ ಇನ್ನೂ ಗೊತ್ತಾಗವಲ್ದು," ಎಂದರು ಮಲಕಾಜಪ್ಪ. ಆಮೇಲೆ ಮಣ್ಣೆತ್ತನ್ನು ಬೆಳಕಿನ ಕಡೆ ಇಡಿಸಿ, ಎದುರಿಗೆ ಚಕ್ಕಲಮಕ್ಕಲ ಹಾಕಿ ಕುಳಿತರು. ಇದು ಬಾಲ ಅಲ್ಲಾಡಿಸುವುದಿಲ್ಲ. ಹೆಗಲ ಹಿಂದೆ ನಿಂತ ಇಂದ್ರವ್ವ ಮಾತ್ರ ಸುಮ್ಮನಿರಲಿಲ್ಲ.

"ಹಿಣಿಲು ಇನ್ನೂ ಮ್ಯಾಲೆ. ಅಷ್ಟಲ್ಲರಿ, ಅದೇನ್ ಒಂಟೀನ? ಕುತ್ತಿಗಿ ತಿರುವ್ರಿ. ಹಿಂಗಾಲು ಒಂದೀಟು ಹಿಂದಕ್ಕ. ಅಳಸ್ರಿ, ಅಳಸ್ರಿ, ಅದು ನಿಮ್ಮ ಹಳೇ ಎತ್ತ ಬಂತು."

ಹನ್ನೊಂದು ಸಲ ಅಳಿಸಿದರು. ಹಾಳೆ ಒಂದು ಕಡೆ ತೆಳ್ಳಗಾಯಿತು. ಮಧ್ಯಾಹ್ನದ ಹೊತ್ತಿಗೆ ಹಾಳೆಯ ಮೇಲೆ ಒಂದು ಬೆನ್ನು, ಒಂದು ಹಿಣಿಲು, ಹೊರಳಿದ ಕತ್ತು, ನಾಲ್ಕು ಕಾಲು ಇದ್ದವು. ಎಲ್ಲ ಬರಿಯ ಗೆರೆ. ಮಲಕಾಜಪ್ಪ ತಿರುಗಿ ನೋಡಿದಾಗ ಇಂದ್ರವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಅಭ್ಯಾಸ ಬಿಡಬೇಕಲ್ಲ. ಮಲಕಾಜಪ್ಪ ಚೀಲಕ್ಕೆ ಕೈ ಹಾಕಿ ಪುಡಿಯ ಡಬ್ಬಿ ತೆಗೆದು ಮುಚ್ಚಳ ತಿರುಗಿಸಿದರು.

"ಅದನ್ನ ಯಾಕ ತಗದ್ರಿ?" ಎಂದರು ಶಟ್ಟೆಪ್ಪ.

"ಇದಿನ್ನೂ ಕಚ್ಚಾ ಐತ್ರಿ. ಮೈ ತುಂಬಬೇಕು, ಕೂದಲು..."

"ಮುಚ್ಚರಿ ಅದನ್ನ!" ಎಂದು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕೂಗಿದರು. ಶಟ್ಟೆಪ್ಪ ಹಾಳೆಯನ್ನು ಕಸಿದುಕೊಂಡು ಎದೆಗೆ ಒತ್ತಿ ಹಿಡಿದರು.

ಚಿತ್ರವನ್ನು ಮಣೆಯ ಹಿಂದೆ ಗೋಡೆಗೆ ಆನಿಸಿ ಪೂಜೆ ಮಾಡಿದರು. ಹೋಳಿಗೆ ಎಡೆ ಇಟ್ಟರು. ಊಟವಾದ ಮೇಲೆ ಇಂದ್ರವ್ವ ಮತ್ತೆ ಒಂದು ಸಲ ಚಿತ್ರದ ಮುಂದೆ ನಿಂತು, ತಲೆ ಆ ಕಡೆ ಈ ಕಡೆ ವಾಲಿಸಿ ನೋಡಿದರು.

"ಯಣ್ಣಾ, ಒಂದ ಮಾತು. ಕಾಲ ಕೆಳಗ ಒಂದೀಟು ನೆಳ್ಳ ಹಾಕ್ತೀರೇನು? ನೆಲದ ಮ್ಯಾಲೆ ನಿಲ್ಲಲಿ. ಈಗ ತೇಲಿದಂಗ ಕಾಣತೈತಿ."

ಮಲಕಾಜಪ್ಪ ಡಬ್ಬಿ ತೆರೆದರು. ಅರಳೆಯಿಂದ ನಾಲ್ಕು ಗೊರಸಿನ ಕೆಳಗೆ ನಾಲ್ಕು ಸಲ ಒತ್ತಿದರು. ಐದನೆಯದಕ್ಕೆ ಕೈ ಎತ್ತಿದಾಗ ಶಟ್ಟೆಪ್ಪ ಡಬ್ಬಿಯ ಮೇಲೆ ಅಂಗೈ ಇಟ್ಟರು.

"ಇಪ್ಪತ್ತೆರಡು ವರ್ಷದ ವಿದ್ಯಾ ನಾಲ್ಕು ಗೊರಸಿನ ಕೆಳಗ ಹಿಡಸ್ತು," ಎಂದು ಮಲಕಾಜಪ್ಪ ಇದನ್ನು ಹೇಳುವಾಗಲೆಲ್ಲ ನಗುತ್ತಾರೆ. "ಆದ್ರ ಅಲ್ಲಿ ಬೇಕಿತ್ತು ನೋಡ್ರಿ. ಅವರ ಕೇಳಿದ್ರು. ನಾ ಕೇಳಿದ್ದಲ್ಲ."

ಮೂರನೆಯ ದಿನ ಮಣ್ಣೆತ್ತುಗಳನ್ನು ಬಾವಿಯಲ್ಲಿ ಬಿಟ್ಟರು. ಹಾಳೆ ಮಲಕಾಜಪ್ಪನವರ ಜೊತೆ ಕಟ್ಟು ಹಾಕಿಸಲು ಬೈಲಹೊಂಗಲಕ್ಕೆ ಬಂತು. ಅದೀಗ ಗಾಜಿನ ಹಿಂದೆ, ಅಂಗಡಿಯ ಒಳಗೋಡೆಗೆ ಒರಗಿಕೊಂಡಿದೆ. ಹೊರಗೆ ಹಳೆಯ ಎತ್ತನ್ನು ಮೆಚ್ಚಿ ಒಳಗೆ ಬಂದವರು ಇದನ್ನು ನೋಡಿ, "ಇದು ಯಾವಾಗ ಮುಗಸ್ತೀರಿ?" ಎಂದು ಕೇಳುತ್ತಾರೆ. ಮಲಕಾಜಪ್ಪ ಮುಗಿದಿದೆ ಎನ್ನುತ್ತಾರೆ. ಯಾರೂ ನಂಬುವುದಿಲ್ಲ.

ಶ್ರಾವಣದ ಮೊದಲ ಸೋಮವಾರ ಅವರು ಅದನ್ನು ಹೂಲಿಗೆ ಒಯ್ಯುತ್ತಾರೆ. ಅಂದು ಅಂಗಡಿಗೆ ರಜೆ.