ಮಗಳಿಗೆ ಕೊಟ್ಟ ಮಿಸ್ಡ್ ಕಾಲ್

ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಡ್ಯೂಟಿ ಮುಗೀತಿತ್ತು. ಕಂಪೆನಿ ಬಸ್ಸು ಬರುವವರೆಗೆ ಕುವೈತಿನ ಮೀನಾ ಅಲ್ ಅಹ್ಮದಿ ರಿಫೈನರಿಯ ಗೇಟಿನ ಹತ್ರ, ಒಂದು ತಗಡಿನ ನೆರಳಲ್ಲಿ ನಿಂತುಕೊಂಡು ನಾನು ಮಿಸ್ಡ್ ಕಾಲ್ ಕೊಡ್ತಿದ್ದೆ. ಮೊದಲು ಊರಿನಲ್ಲಿರುವ ಅಮ್ಮನಿಗೆ. ಆಮೇಲೆ ಜಾಬ್ರಿಯಾದ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದ ಹೆಂಡತಿಗೆ. ಒಂದು ರಿಂಗ್ ಆಗ್ಬೇಕು, ಕಟ್ ಮಾಡ್ಬೇಕು. ನಾನು ಬದುಕಿದ್ದೇನೆ, ಕೆಲಸ ಮುಗೀತು, ಬಸ್ಸು ಹತ್ತುತ್ತಾ ಇದ್ದೇನೆ ಅಂತ ಅದರ ಅರ್ಥ. ನಮ್ಮ ಕಡೆಯವರೆಲ್ಲ ಹಾಗೇ ಮಾಡ್ತಿದ್ದದ್ದು. ದುಡ್ಡು ಉಳಿಸ್ಲಿಕ್ಕೆ ಅಂತ ಬೇರೆಯವರು ಹೇಳ್ತಾರೆ. ಅದೂ ಹೌದು. ಆದರೆ ದಿನಾ ಹೇಳ್ಲಿಕ್ಕೆ ಅಷ್ಟು ವಿಷಯ ಎಲ್ಲಿ ಉಂಟು?

ನಮ್ಮ ಮಗಳು ಹದಿನಾರನೇ ವರ್ಷಕ್ಕೆ ಕೋಸ್ಟಾ ರಿಕಾ ಎಂಬ ದೇಶಕ್ಕೆ ಓದ್ಲಿಕ್ಕೆ ಹೋದಾಗ ಈ ಸಾಲಿಗೆ ಮೂರನೇ ಮಿಸ್ಡ್ ಕಾಲ್ ಸೇರಿತು.

ಆ ದೇಶ ಎಲ್ಲಿ ಉಂಟು ಅಂತ ನನಗೆ ಗೊತ್ತಿರ್ಲಿಲ್ಲ. ಅಮೆರಿಕದ ಮೇಲಿನ ತುಂಡಿಗೂ ಕೆಳಗಿನ ತುಂಡಿಗೂ ನಡುವೆ ಒಂದು ಬಾಲದ ಹಾಗೆ ನೆಲ ಉಂಟಲ್ಲ, ಅಲ್ಲಿ. ಮಾತಾಡುವುದು ಸ್ಪ್ಯಾನಿಷ್. ಮಗಳ ಶಾಲೆಯಲ್ಲಿ ಯಾವುದೋ ಪರೀಕ್ಷೆ ಮಾಡಿದ್ರು, ಇವಳಿಗೆ ಎರಡು ವರ್ಷದ ಸ್ಕಾಲರ್‌ಶಿಪ್ ಸಿಕ್ಕಿತು. ಅಲ್ಲಿ ಹಾಸ್ಟೆಲ್ ಇಲ್ಲ, ಒಬ್ಬೊಬ್ಬರನ್ನು ಒಂದೊಂದು ಮನೆಯಲ್ಲಿ ಇಡ್ತಾರೆ. ಹೆಂಡತಿಗೆ ಕಳಿಸ್ಲಿಕ್ಕೆ ಧೈರ್ಯ ಇರ್ಲಿಲ್ಲ. ನಾನೇ ಹೋಗಲಿ ಅಂದೆ. ನಾನು ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡು ಎಸ್ಸೆಸ್ಸೆಲ್ಸಿ ಪಾಸಾಗುವಾಗ ನನ್ನ ಜೊತೆ ಓದ್ಲಿಕ್ಕೆ ಶುರು ಮಾಡಿದವರ ಮಕ್ಕಳು ಶಾಲೆಗೆ ಹೋಗ್ತಿದ್ರು. ಕರೆದಾಗ ಹೋಗದಿದ್ರೆ ಎಂತ ಆಗ್ತದೆ ಅಂತ ನನಗೆ ಗೊತ್ತುಂಟು.

ಆದರೆ ಮಗಳು ಬೆಳೆದದ್ದು ಮೈದಾನ್ ಹವಲ್ಲಿಯ ಮೂರನೇ ಮಾಳಿಗೆಯ ಫ್ಲ್ಯಾಟಿನಲ್ಲಿ. ಶಾಲೆಯ ಬಸ್ಸು ಬಾಗಿಲಿಗೆ ಬರ್ತಿತ್ತು, ಬಾಗಿಲಿಗೆ ಬಿಡ್ತಿತ್ತು. ಕೆಳಗಿನ ಬಕಾಲಾಕ್ಕೆ, ಅಂದರೆ ದಿನಸಿ ಅಂಗಡಿಗೆ, ಮೊಸರು ತರ್ಲಿಕ್ಕೆ ಹೋಗುವಾಗಲೂ ಹೆಂಡತಿ ಕಿಟಕಿಯಲ್ಲಿ ನಿಲ್ಲುತ್ತಿದ್ದಳು. ನಾವು ಕನ್ನಡದಲ್ಲಿ ಕೇಳಿದ್ರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು. ನನ್ನದು ತುಳು, ಹೆಂಡತಿಯದು ಕೊಂಕಣಿ, ಹಾಗಾಗಿ ಮನೆಯಲ್ಲಿ ಕನ್ನಡ. ಮಗಳಿಗೆ ಮೂರೂ ಅರ್ಥ ಆಗ್ತಿತ್ತು, ಒಂದೂ ಆಡ್ತಿರ್ಲಿಲ್ಲ.

ಅವಳು ಹೋದ ಮೇಲೆ ಶುಕ್ರವಾರ ಸಂಜೆ ನಾವಿಬ್ಬರೂ ಇಂಟರ್ನೆಟ್ ಕೆಫೆಗೆ ಹೋಗ್ತಿದ್ದೆವು. ಅಲ್ಲಿ ಆಗ ಬೆಳಿಗ್ಗೆ, ಅವಳು ಶಾಲೆಯ ಕಂಪ್ಯೂಟರಿನಲ್ಲಿ ಬರ್ತಿದ್ದಳು. ವಾರಕ್ಕೆ ಒಮ್ಮೆ, ಅಷ್ಟೇ. ಅವಳ ಕುವೈತಿನ ಮೊಬೈಲು ಅಲ್ಲಿ ನಡೀತಿರ್ಲಿಲ್ಲ. ಇಯರ್‌ಫೋನಿನ ಒಂದು ತುದಿ ನನ್ನ ಕಿವಿಗೆ, ಒಂದು ಹೆಂಡತಿಯ ಕಿವಿಗೆ.

"ಬೆಳಿಗ್ಗೆ ಏನು ತಿಂದೆ?" ಅಂತ ಹೆಂಡತಿ.

ಅನ್ನ ಮತ್ತು ಕಪ್ಪು ಬೀನ್ಸು ಅಂತ ಮಗಳು.

"ಮಧ್ಯಾಹ್ನಕ್ಕೆ?"

ಬೀನ್ಸು ಮತ್ತು ಅನ್ನ.

"ಸರಿ, ಅನ್ನ ಆದ್ರೂ ಉಂಟಲ್ಲ," ಅಂದೆ ನಾನು.

ಅಲ್ಲಿ ಕಂಡವರೆಲ್ಲ ಕೆನ್ನೆಗೆ ಕೆನ್ನೆ ತಾಗಿಸ್ತಾರಂತೆ. ಬಾಗಿಲಲ್ಲಿ ಬಂದ ಆ ಮನೆಯ ಚಿಕ್ಕಪ್ಪ, ಪಕ್ಕದ ಮನೆಯವರು, ಎಲ್ಲರೂ. ಮೊದಲ ದಿನ ಇವಳು ಹಿಂದೆ ಸರಿದು ಸೋಫಾದ ಮೇಲೆ ಬಿದ್ದಳಂತೆ. ಯಾರು ಏನು ಕೇಳಿದ್ರೂ "ಸೀ" ಅಂತಾಳಂತೆ, ಅಂದರೆ ಹೌದು ಅಂತ. ಹಾಗೆ ಹೇಳಿ ಹೇಳಿ ಡ್ಯಾನ್ಸ್ ಕ್ಲಾಸಿಗೆ ಸೇರಿಸಿಬಿಟ್ಟಿದ್ದಾರೆ. ಮನೆಯ ಯಜಮಾನಿ ಒಂದು ಶಾಲೆಯಲ್ಲಿ ಪಿ.ಟಿ. ಟೀಚರಂತೆ, ಗಂಡ ತೀರಿಹೋಗಿದ್ದಾರೆ. ದೊಡ್ಡ ಮಗಳು ಪಟ್ಟಣದಲ್ಲಿ ಇಂಗ್ಲಿಷ್ ಟೀಚರ್ ಆಗ್ಲಿಕ್ಕೆ ಓದ್ತಾಳೆ, ಆದಿತ್ಯವಾರ ಮಾತ್ರ ಮನೆಗೆ ಬರುವುದು. ಉಳಿದ ದಿನ ಆ ಮನೆಯಲ್ಲಿ ಇವಳ ಮಾತು ಅರ್ಥ ಆಗುವವರು ಯಾರೂ ಇಲ್ಲ.

ಹಾಗೆ ಹೇಳುವಾಗ ಅವಳ ಸ್ವರ ಸಣ್ಣ ಆಯಿತು. ಮರುದಿನದಿಂದ ನಾನು ಆ ಮನೆಯ ಫೋನಿಗೂ ಮಿಸ್ಡ್ ಕಾಲ್ ಕೊಡ್ಲಿಕ್ಕೆ ಶುರು ಮಾಡಿದೆ. ನಂಬರು ಶಾಲೆಯವರು ಕೊಟ್ಟಿದ್ದರು. ಮಗಳಿಗೆ ಪ್ರತ್ಯೇಕ ಹೇಳ್ಲಿಲ್ಲ. ಒಂದು ರಿಂಗ್ ಆಗಿ ನಿಂತರೆ ಅದು ಪಪ್ಪ ಅಂತ ನಮ್ಮ ಮನೆಯಲ್ಲಿ ಗೋಡೆಗೂ ಗೊತ್ತು.

ಅಲ್ಲಿ ಆಗ ಎಷ್ಟು ಗಂಟೆ ಅಂತ ನಾನು ನೋಡ್ಲಿಲ್ಲ. ಮಾತಾಡ್ಲಿಕ್ಕೆ ಇದ್ದರೆ ಅಲ್ವಾ ಗಂಟೆ ನೋಡುವುದು. ಒಂದೊಂದು ದಿನ ಆ ಮನೆಯವರು ಕೂಡಲೇ ಫೋನ್ ಎತ್ತಿ "ಅಲೋ" ಅಂತಿದ್ರು. ಮಿಸ್ಡ್ ಕಾಲನ್ನು ಎತ್ತುವ ಕ್ರಮ ನಮ್ಮಲ್ಲಿ ಇಲ್ಲ. ಪಾಪ, ಗೊತ್ತಿಲ್ಲದವರು ಅಂತ ನಾನು ತಪ್ಪು ತಿಳ್ಕೊಳ್ಳದೆ ಇನ್ನೂ ಬೇಗ ಕಟ್ ಮಾಡ್ತಿದ್ದೆ.

ಎರಡು ಮೂರು ವಾರ ಕಳೆದು ಒಂದು ಶುಕ್ರವಾರ ಮಗಳು ಕಂಪ್ಯೂಟರಿನಲ್ಲಿ ಬಂದವಳು ಅತ್ತಳು. ಇಂಗ್ಲಿಷಿನಲ್ಲಿ ಬೇಗ ಬೇಗ ಹೇಳಿದಳು. ನನಗೆ ಅರ್ಧ ತಿಳಿಯಿತು, ಉಳಿದದ್ದು ಹೆಂಡತಿ ಹೇಳಿದಳು.

ವಿಷಯ ಏನೆಂದರೆ, ಯಾವನೋ ಒಬ್ಬ ದಿನಾ ಬೆಳಗಾಗುವ ಮೊದಲು ಆ ಮನೆಗೆ ಫೋನ್ ಮಾಡಿ ಇಡ್ತಾನೆ. ಫೋನಿರುವುದು ಯಜಮಾನಿಯ ಕೋಣೆಯಲ್ಲಿ. ಎತ್ತಿದ್ರೆ ಮಾತಾಡುದಿಲ್ಲ. ಇವಳು ಮಲಗುವುದು ಹಿಂದಿನ ಕೋಣೆಯಲ್ಲಿ, ಇವಳಿಗೆ ಅದು ಕೇಳುವುದೂ ಇಲ್ಲ. ಇವಳು ಬಂದ ಮೇಲೆಯೇ ಶುರುವಾದದ್ದು, ಹಾಗಾಗಿ ಕುವೈತಿನಲ್ಲಿ ಇವಳಿಗೆ ಯಾವನೋ ಉಂಟು ಅಂತ ಅವರ ಲೆಕ್ಕ. ಶಾಲೆಗೆ ದೂರು ಹೋಗಿದೆ. ಒಂದು ವಾರದ ಒಳಗೆ ನಿಲ್ಲದಿದ್ರೆ ಆ ಮನೆಯಲ್ಲಿ ಇಟ್ಕೊಳ್ಳುದಿಲ್ಲ. ಬೇರೆ ಮನೆ ಇಲ್ಲ. ಮನೆ ಇಲ್ಲದಿದ್ರೆ ಸ್ಕಾಲರ್‌ಶಿಪ್ಪೂ ಇಲ್ಲ, ವಾಪಸ್ ಕಳಿಸ್ತಾರೆ.

ನನಗೆ ರಕ್ತ ಕುದಿಯಿತು. "ಯಾವನವ?" ಅಂದೆ.

ಗೊತ್ತಿಲ್ಲ ಪಪ್ಪ, ನನಗೆ ಯಾರೂ ಇಲ್ಲ ಅಂದಳು.

ನಾನು ನಂಬಿದೆ. ನಂಬಿದ್ದು ಮಾತ್ರ ಅಲ್ಲ, ಉಪಾಯವನ್ನೂ ಹೇಳಿದೆ. ನಮ್ಮೂರಿನ ಎಸ್‌ಟಿಡಿ ಬೂತಿನ ಹುಡುಗಿಗೆ ಒಬ್ಬ ದಿನಾ ಹೀಗೆ ಫೋನ್ ಮಾಡಿ ಸುಮ್ಮನೆ ಇರ್ತಿದ್ದ. ಅವಳ ಅಣ್ಣ ಪೊಲೀಸಿನವರ ವಿಷಲ್ ತಂದು ಕೊಟ್ಟ. ಅವಳು ರಿಸೀವರಿನ ಬಾಯಿಗೆ ಹಿಡಿದು ಜೋರಾಗಿ ಊದಿದ್ಳು. ಮತ್ತೆ ಫೋನ್ ಬರ್ಲಿಲ್ಲ.

"ನಿಮ್ಮ ಯಜಮಾನಿ ಪಿ.ಟಿ. ಟೀಚರ್ ಅಲ್ವಾ, ವಿಷಲ್ ಇರ್ತದಲ್ಲ," ಅಂದೆ. "ಬೇಗ ಎತ್ತಿ ಊದ್ಲಿಕ್ಕೆ ಹೇಳು. ಕಿವಿ ಹರೀಬೇಕು ಅವನಿಗೆ."

ಮಗಳು ಮೂಗು ಒರೆಸಿಕೊಂಡು ಹೇಳ್ತೇನೆ ಅಂದಳು.

ನಾನು ಮಾಡುವುದೇ ಅದು ಅಂತ ನನಗೆ ಯಾಕೆ ಹೊಳೀಲಿಲ್ಲ ಅಂತ ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ಅವನು ಮಾಡ್ತಿದ್ದದ್ದು ಫೋನು, ನಾನು ಕೊಡ್ತಿದ್ದದ್ದು ಮಿಸ್ಡ್ ಕಾಲ್. ಅವನು ಮಾಡ್ತಿದ್ದದ್ದು ಕತ್ತಲೆಯಲ್ಲಿ, ನಾನು ಕೊಡ್ತಿದ್ದದ್ದು ತಲೆ ಸುಡುವ ಬಿಸಿಲಿನಲ್ಲಿ. ಎರಡಕ್ಕೂ ಎಂತ ಸಂಬಂಧ?

ಮರುದಿನ ಶನಿವಾರ, ಎರಡು ಗಂಟೆಗೆ ಗೇಟಿನ ಹತ್ರ ನಿಂತೆ. ಅಮ್ಮನಿಗೆ ಕೊಟ್ಟೆ, ಹೆಂಡತಿಗೆ ಕೊಟ್ಟೆ. ಮೂರನೇದಕ್ಕೆ ಒಂದು ರಿಂಗ್ ಕೂಡ ಪೂರ್ತಿ ಆಗ್ಲಿಲ್ಲ. ಆ ಹೆಂಗಸಿನ ಉಸಿರು ತುಂಬಾ ಒಳ್ಳೆದಿತ್ತು.

ಬಸ್ಸು ಬಂದಾಗ ನಾನು ತಗಡಿನ ನೆರಳಲ್ಲಿ ಕೂತಿದ್ದೆ. ನಾನು ಕೆಲಸ ಮಾಡುವ ಸ್ಟೋರಿಗೆ ಸಾಮಾನು ತಗೊಳ್ಳಲಿಕ್ಕೆ ಬರುವ ಒಬ್ಬ ಫಿಲಿಪ್ಪೀನ್ಸಿನ ವೆಲ್ಡರ್ ನನ್ನನ್ನು ಎಬ್ಬಿಸಿ ಬಸ್ಸಿಗೆ ಹತ್ತಿಸಿ ಪಕ್ಕದಲ್ಲಿ ಕೂತ. "ಭಾಯಿ, ಬಿಸಿಲು ಹೊಡೀತಾ?" ಅಂತ ಕೇಳಿದ. ಇಲ್ಲ ಅಂದೆ. ಆಚೆ ಕಿವಿಯ ಬದಿಗೆ ಬಂದು ಕೂತ್ಕೊ ಅಂದೆ. ನಮ್ಮಿಬ್ಬರದ್ದು ಹಿಂದಿ ಇಂಗ್ಲಿಷ್ ಬೆರಕೆ. ಅವನಿಗೆ ಎಲ್ಲಾ ಹೇಳಿದೆ.

ಅವರ ದೇಶವನ್ನು ಹಿಂದೆ ಸ್ಪೇನಿನವರು ಆಳಿದ್ದು ಅಂತ ನಾನು ಕೇಳಿದ್ದೆ. "ನಿನಗೆ ಸ್ಪ್ಯಾನಿಷ್ ಬರ್ತದಲ್ಲ? ನನಗೆ ನಾಲ್ಕು ಮಾತು ಹೇಳಿಕೊಡು," ಅಂದೆ.

ಅವನು ಫಹಾಹೀಲ್ ಪೇಟೆ ದಾಟುವವರೆಗೆ ಯೋಚನೆ ಮಾಡಿದ. "ಕುರ್ಚಿ, ಚಮಚ, ಕಿಟಕಿ, ಬೆಣ್ಣೆ," ಅಂದ. "ಅಷ್ಟೇ ಅವರು ಬಿಟ್ಟು ಹೋದದ್ದು."

"ಅದರಲ್ಲಿ ನಾನು ಎಂತ ಹೇಳ್ಲಿ?"

"ಪಪ್ಪ ಅಂತ ಹೇಳು. ಪಪ್ಪ ಎಲ್ಲಾ ಕಡೆ ಪಪ್ಪನೇ."

ಮನೆಗೆ ಹೋಗಿ ಹೆಂಡತಿ ಬರುವವರೆಗೆ ಕಾದೆ. ಬಂದವಳಿಗೆ ನೀರು ಕೊಟ್ಟೆ. ನಾನು ನೀರು ಕೊಟ್ಟದ್ದಕ್ಕೇ ಅವಳಿಗೆ ಸಂಶಯ ಬಂತು. ಹೇಳಿದೆ. ಅವಳು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಈಗ ಕಿವಿ ಕೇಳ್ತದಾ ನಿಮಗೆ?"

"ಒಂದು ಕೇಳ್ತದೆ."

"ಹಾಗಾದ್ರೆ ಅದರಲ್ಲಿ ಕೇಳಿ. ನಮ್ಮ ಮಗಳನ್ನು ಅವರು ಊರು ಬಿಡಿಸ್ಲಿಕ್ಕೆ ಹೊರಟದ್ದು ನಿಮ್ಮ ಜೊತೆ ಓಡಾಡ್ತಾಳೆ ಅಂತ."

ಶಾಲೆಗೆ ನಾನು ಮೇಲ್ ಬರೀತೇನೆ ಅಂದಳು. ಆಮೇಲೆ ಅವಳೇ ಬೇಡ ಅಂದಳು. ಮಗಳನ್ನು ಉಳಿಸ್ಲಿಕ್ಕೆ ತಾಯಿ ಕಟ್ಟಿದ ಕತೆ ಅಂತ ಅವರು ಹೇಳ್ತಾರೆ, ಫೋನ್ ಮಾಡುವವನ ಸ್ವರವೇ ಅವರಿಗೆ ಕೇಳಬೇಕು. ಸುಮ್ಮನಿದ್ರೆ ಮಗಳು ಮನೆಗೆ ಬರ್ತಾಳಲ್ಲ ಅಂತ ನನಗೆ ಒಂದು ಯೋಚನೆ ಬಂತು, ಬಾರದೆ ಇರ್ಲಿಲ್ಲ. ಹೆಂಡತಿಗೂ ಬಂದಿರ್ಬೇಕು. ಅವಳು ಅಡುಗೆ ಕೋಣೆಗೆ ಹೋಗಿ ಬಂದು, "ಬಂದ್ರೆ ಹೀಗೆ ಹೆಸರು ಕೆಡಿಸ್ಕೊಂಡು ಬರುವುದಾ?" ಅಂತ ನನ್ನ ಮೊಬೈಲನ್ನು ನನ್ನ ಕೈಯಲ್ಲಿ ಇಟ್ಟಳು.

ಆರು ಗಂಟೆಗೆ, ಅಂದರೆ ಅಲ್ಲಿ ಬೆಳಿಗ್ಗೆ ಒಂಬತ್ತಕ್ಕೆ, ಫೋನ್ ಮಾಡಿದೆ. ಮೊಬೈಲನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದಿದ್ದೆ. ಒಂದು ರಿಂಗ್ ಆಯಿತು. ನನ್ನ ಹೆಬ್ಬೆರಳು ತನ್ನಿಂದ ತಾನೇ ಕೆಂಪು ಬಟನ್ನಿಗೆ ಹೋಯಿತು. ಹೆಂಡತಿ ಆ ಬೆರಳನ್ನು ಹಿಡ್ಕೊಂಡಳು.

"ಅಲೋ," ಅಂದ್ರು. ವಿಷಲ್ ಇರ್ಲಿಲ್ಲ.

ನಾನು ಮಗಳ ಹೆಸರು ಹೇಳಿದೆ. "ಪಪ್ಪ," ಅಂದೆ. "ಕುವೈತ್. ಪಪ್ಪ." ಆಮೇಲೆ ನನ್ನ ಬಾಯಿಂದಲೇ ಟ್ರಿಣ್ ಅಂತ ಒಂದು ರಿಂಗ್ ಮಾಡಿ ತೋರಿಸಿ ಮತ್ತೆ "ಪಪ್ಪ" ಅಂದೆ.

ಆಮೇಲೆ ಅವರು ಮಾತಾಡಿದ್ರು. ಬಹಳ ಹೊತ್ತು ಮಾತಾಡಿದ್ರು. ನಾನು ಹೌದು, ಹೌದು ಅಂದೆ. ಬೈಯುವುದು ಯಾವ ಭಾಷೆಯಲ್ಲಿಯೂ ತಿಳೀತದೆ. ಕೊನೆಗೆ ಅವರು ಮಗಳನ್ನು ಕೂಗಿ ಕರೆದ್ರು.

"ಪಪ್ಪ?" ಅಂದಳು ಮಗಳು. ನಾನು ವಿಷಯ ಹೇಳಿದೆ. ವಿಷಲ್ ಊದ್ಲಿಕ್ಕೆ ಹೇಳಿದ್ದು ನೀವೇ ಅಲ್ವಾ ಅಂತ ಇಂಗ್ಲಿಷಿನಲ್ಲಿ ಕೇಳಿದಳು.

"ಚೆಂದ ಊದ್ತಾರೆ," ಅಂದೆ.

ಮಿಸ್ಡ್ ಕಾಲ್ ಅಂದರೆ ಏನು ಅಂತ ಅವಳು ಯಜಮಾನಿಗೆ ಹೇಳಬೇಕಾಯಿತು. ನಾನು ಇಲ್ಲಿಂದ ಕೇಳ್ತಿದ್ದೆ. ಅದುವರೆಗೆ ಹೌದು ಅಂತ ಮಾತ್ರ ಹೇಳ್ತಿದ್ದ ಹುಡುಗಿ ನಿಲ್ಲಿಸಿ ನಿಲ್ಲಿಸಿ ಸ್ಪ್ಯಾನಿಷ್ ಮಾತಾಡಿದಳು. ನಡುನಡುವೆ ಕುವೈತ್ ಅಂತ, ಮಮ್ಮಿ ಅಂತ, ಅಜ್ಜಿ ಅಂತ ಕೇಳ್ತಿತ್ತು. ಅಜ್ಜಿಗೆ ಸ್ಪ್ಯಾನಿಷಿನಲ್ಲಿ ಎಂತ ಹೇಳುವುದು ಅಂತ ಅವಳಿಗೆ ಗೊತ್ತಿರ್ಲಿಲ್ಲ ಅಂತ ಕಾಣ್ತದೆ. ಆ ಹೆಂಗಸು ಕೇಳಿದ್ದನ್ನು ಅವಳು ನನಗೆ ದಾಟಿಸಿದಳು. ಯಾರೂ ಎತ್ತಬಾರದು, ಯಾರೂ ಮಾತಾಡಬಾರದು, ಮತ್ತೆ ಎಲ್ಲಾ ಸರಿ ಉಂಟು ಅಂತ ಹೇಗೆ ಗೊತ್ತಾಗ್ತದೆ?

"ಬಂತಲ್ಲ, ಅದೇ," ಅಂದೆ.

ಅವಳು ಅದನ್ನೂ ದಾಟಿಸಿದಳು. ಯಜಮಾನಿಗೆ ನಗು ಬಂತಾ ಅಂತ ಕೇಳಿದೆ. ಇಲ್ಲ ಅಂದಳು. ಸೋಮವಾರ ಶಾಲೆಗೆ ಹೋಗಿ ದೂರು ವಾಪಸ್ ತಗೊಳ್ತಾರೆ. ಆದರೆ ಒಂದು ಷರತ್ತು. ಇನ್ನು ಬೆಳಿಗ್ಗೆ ಫೋನ್ ಬರಬಾರದು. ಆದಿತ್ಯವಾರ ಅವರು ಇಗರ್ಜಿಯಿಂದ, ಅಂದರೆ ಚರ್ಚಿನಿಂದ, ಬಂದ ಮೇಲೆ ನಾನು ಫೋನ್ ಮಾಡ್ಬೇಕು, ಅವರು ಎತ್ತುತ್ತಾರೆ, ನಾನು ಮಾತಾಡ್ಬೇಕು. ಯಜಮಾನಿಯ ಹತ್ರವೂ ಮಾತಾಡ್ಬೇಕು. ತಮ್ಮ ಮನೆಯಲ್ಲಿ ಮಗಳನ್ನು ಬಿಟ್ಟ ಮನುಷ್ಯನ ಸ್ವರ ಅವರಿಗೆ ಕೇಳ್ತಾ ಇರ್ಬೇಕಂತೆ.

ಹಾಗೆ ನಾನು ವಾರಕ್ಕೊಮ್ಮೆ ಒಂದು ಗುರುತಿಲ್ಲದ ಹೆಂಗಸಿನ ಹತ್ರ ಕನ್ನಡದಲ್ಲಿ ಮಾತಾಡ್ಲಿಕ್ಕೆ ಶುರು ಮಾಡಿದೆ. ಇಲ್ಲಿ ಸೆಕೆ ಅಂತ, ಧೂಳು ಎದ್ದಿದೆ ಅಂತ, ಈ ವಾರ ಒಳ್ಳೆ ಬಂಗುಡೆ ಸಿಕ್ಕಿತು ಅಂತ. ಅವರೂ ಏನೋ ಹೇಳ್ತಿದ್ರು. ಅಡ್ಡಿಯಿಲ್ಲ, ಸಮಯ ಹೋಗ್ತಿತ್ತು.

ಫೋನನ್ನು ಈಗ ಮುಂದಿನ ಕೋಣೆಗೆ ತಂದು ಇಟ್ಟಿದ್ರಂತೆ, ಮನೆಯವರೆಲ್ಲ ಸುತ್ತ ಕೂರುವುದು. ದೊಡ್ಡ ಮಗಳೂ ಆದಿತ್ಯವಾರ ಮನೆಯಲ್ಲಿ, ಅವಳಿಗೆ ಇಂಗ್ಲಿಷ್ ಬರ್ತದೆ. ಹಾಗಾಗಿ ನಮ್ಮವಳಿಗೆ ಮನಸ್ಸಿನಲ್ಲಿ ಇದ್ದದ್ದನ್ನು ಇಂಗ್ಲಿಷಿನಲ್ಲಿ ಹೇಳುವ ಹಾಗಿರ್ಲಿಲ್ಲ. ಒಂದು ಆದಿತ್ಯವಾರ ಊಟ ಹೇಗುಂಟು ಅಂತ ನಾನು ಕೇಳಿದ್ದಕ್ಕೆ ಅವಳು, "ಬೀನ್ಸಿಗೆ ಉಪ್ಪೇ ಇಲ್ಲ ಪಪ್ಪ," ಅಂದಳು. ಕನ್ನಡದಲ್ಲಿ. ನಾನು ಹೆಂಡತಿಯ ಕೈಗೆ ಫೋನ್ ಕೊಟ್ಟೆ.

ಅವಳಿಗೂ ಅದೇ ಹೇಳಿದಳಂತೆ. ಮತ್ತೆ ಡ್ಯಾನ್ಸ್ ಕ್ಲಾಸಿನಲ್ಲಿ ಅವಳ ಕಾಲು ಯಾರದ್ದೋ ಕಾಲಿನ ಮೇಲೆ ಬಿದ್ದದ್ದು, ಆ ಮನೆಯ ದೊಡ್ಡ ಮಗಳು ಆದಿತ್ಯವಾರ ಮಧ್ಯಾಹ್ನ ಮಲಗಿ ಗೊರಕೆ ಹೊಡೆಯುವುದು, ಎಲ್ಲಾ. ದೊಡ್ಡ ಮಗಳು ಪಕ್ಕದಲ್ಲೇ ಕೂತು ಒಂದೂ ತಿಳಿಯದೆ ನಗ್ತಾ ಇದ್ದಳಂತೆ. ತಪ್ಪು ತಪ್ಪು ಕನ್ನಡ. ಹೆಂಡತಿ ಒಂದನ್ನೂ ತಿದ್ದಲಿಲ್ಲ. "ಬೇಜಾರಾದ್ರೆ ಬಂದುಬಿಡು," ಅಂತ ಮಾತ್ರ ಮೆಲ್ಲ ಹೇಳಿದಳು.

ಆಮೇಲೆ ಹೆಂಡತಿ ಬಹಳ ಹೊತ್ತು ಕೇಳಿಸ್ಕೊಂಡು, ಸರಿ ಸರಿ ಅಂತ ಫೋನಿಟ್ಟಳು.

"ಎಂತ ಹೇಳಿದ್ಳು?"

"ಬರುವ ಆದಿತ್ಯವಾರ ಫೋನ್ ಮಾಡ್ಬೇಡಿ ಅಂತ. ಅವರೆಲ್ಲ ಸಮುದ್ರಕ್ಕೆ ಹೋಗ್ತಾರಂತೆ. ಚಿಕ್ಕಪ್ಪನ ಜೀಪಿನಲ್ಲಿ ಇವಳಿಗೆ ಮುಂದಿನ ಸೀಟಂತೆ."

"ನೀನು ಬಾ ಅಂದದ್ದಕ್ಕೆ?"

"ಅದಕ್ಕೆ ಅವಳು ಕೊಟ್ಟ ಉತ್ತರವೇ ಇದು."

ಮುಂದಿನ ಆದಿತ್ಯವಾರ ಸಂಜೆ ಆರು ಗಂಟೆಗೆ ನನಗೆ ಏನೂ ಕೆಲಸ ಇರ್ಲಿಲ್ಲ. ಎರಡು ಸಲ ಮೊಬೈಲು ತೆಗೆದು ನೋಡಿದೆ. ಹೆಂಡತಿ ಇಸ್ತ್ರಿ ಹಾಕ್ತಿದ್ದವಳು ತಲೆ ಎತ್ತದೆ, "ಬೇಕಾದ್ರೆ ಈಗ ಕೊಡಿ ಮಿಸ್ಡ್ ಕಾಲ್," ಅಂದಳು. "ಎತ್ತಲಿಕ್ಕೆ ಯಾರೂ ಇಲ್ಲ."